ಇತಿಹಾಸದ ಓದಿಗೆ ಬೇಸಗೆಯ ಸಿದ್ಧತೆ

ವಾರ್ಷಿಕ ಪರೀಕ್ಷೆ ಮುಗಿದೊಡನೆ ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಡುವುದು ವಿದ್ಯಾರ್ಥಿಗಳ ವಾಡಿಕೆ. ಎಲ್ಲಕ್ಕಿಂತ ಮೊದಲು ಅಟ್ಟ ಸೇರುವುದು ಪ್ರಾಯಶಃ ಇತಿಹಾಸದ ಪುಸ್ತಕವೇ. ಅರಸರ ಹೆಸರು, ಅವರು ಪಟ್ಟಕ್ಕೆ ಬಂದ ವರ್ಷ, ಕಾದಿದ ಯುದ್ಧ, ಕಟ್ಟಿಸಿದ ಗುಡಿ ಇವನ್ನು ಉರುಹಚ್ಚಿ ಒಪ್ಪಿಸಿಬಿಟ್ಟರೆ ಆ ವಿಷಯದ ಋಣ ತೀರಿತೆಂಬ ಭಾವನೆ ಹಲವರಲ್ಲಿ ಬೇರೂರಿದೆ. ಕೆಳಗಿನ ತರಗತಿಗಳಲ್ಲಿ ಇದರಿಂದ ದೊಡ್ಡ ಹಾನಿಯೇನೂ ತೋರಿಬರದು. ಆದರೆ ಮುಂದೆ ಪದವಿಪೂರ್ವ ತರಗತಿಯಲ್ಲಿ ಇತಿಹಾಸವನ್ನು ಆರಿಸಿಕೊಂಡು ಆಳವಾಗಿ ಅಭ್ಯಾಸ ಮಾಡಬೇಕೆನ್ನುವವರಿಗೆ ಈ ಭಾವನೆಯೇ ಮೊದಲ ತೊಡಕಾಗಿ ನಿಲ್ಲುತ್ತದೆ. ಅಲ್ಲಿ 'ಏನು ನಡೆಯಿತು?' ಎಂಬ ಪ್ರಶ್ನೆಯೊಂದೇ ಸಾಲದು. 'ಅದು ಏಕೆ ನಡೆಯಿತು?', 'ನಡೆಯಿತೆಂಬುದಕ್ಕೆ ಆಧಾರವೇನು?' ಎಂಬ ಪ್ರಶ್ನೆಗಳಿಗೂ ಉತ್ತರ ಹೇಳಬೇಕಾಗುತ್ತದೆ.

ಮುಂಗಾರು ಬೀಳುವ ಮುನ್ನ ರೈತನು ಹೊಲವನ್ನು ಉತ್ತು ಹಸನುಮಾಡುತ್ತಾನೆ; ಬಿತ್ತನೆ ಆಮೇಲಿನ ಮಾತು. ಬೇಸಗೆಯ ರಜೆಯಲ್ಲಿ ಇತಿಹಾಸದ ವಿದ್ಯಾರ್ಥಿಯು ಮಾಡಬೇಕಾದ ಕೆಲಸವೂ ಇಂಥದೇ. ಮುಂದಿನ ವರ್ಷದ ಪಾಠಗಳನ್ನು ಈಗಲೇ ಬಾಯಿಪಾಠ ಮಾಡುವುದು ಸಿದ್ಧತೆಯಲ್ಲ. ಕಾಲವನ್ನು ಅಳೆಯುವ, ಸ್ಥಳವನ್ನು ಗುರುತಿಸುವ, ಸಾಕ್ಷ್ಯವನ್ನು ತೂಗಿನೋಡುವ, ಕಂಡುದನ್ನು ಬರೆದು ನಿರೂಪಿಸುವ ಅಭ್ಯಾಸಗಳನ್ನು ರೂಢಿಸಿಕೊಳ್ಳುವುದೇ ನಿಜವಾದ ಸಿದ್ಧತೆ. ಶಾಲೆಯ ದಿನಗಳಲ್ಲಿ ಇವುಗಳಿಗೆ ಬಿಡುವು ದೊರೆಯುವುದು ಕಷ್ಟ. ರಜೆಯಲ್ಲಿ ದಿನಕ್ಕೆ ಒಂದು ಗಂಟೆಯನ್ನು ಮೀಸಲಿಟ್ಟರೂ ಸಾಕು.

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗಬಹುದು. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ತಡೆದು ಸೋಲಿಸಿದನೆಂಬುದು ಎಲ್ಲರೂ ಬಲ್ಲ ಸಂಗತಿ. ಕೆಳಗಿನ ತರಗತಿಯಲ್ಲಿ ಇದು ಒಂದು ಅಂಕದ ಉತ್ತರ. ಮೇಲಿನ ತರಗತಿಯಲ್ಲಿ ಇದೇ ಒಂದು ಪ್ರಶ್ನೆಯಾಗುತ್ತದೆ. ಈ ಸಂಗತಿ ತಿಳಿದುದು ಹೇಗೆ? ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ ಕವಿ ರವಿಕೀರ್ತಿ ರಚಿಸಿದ ಸಂಸ್ಕೃತ ಶಾಸನವೊಂದಿದೆ. ಅದರಲ್ಲಿ ಆತನು ಹರ್ಷನ ಹೆಸರಿನ ಮೇಲೆ ಶ್ಲೇಷೆ ಮಾಡಿ ಪುಲಕೇಶಿಯ ಗೆಲವನ್ನು ಕೊಂಡಾಡಿದ್ದಾನೆ. ಆದರೆ ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದವನು. ಆಶ್ರಯವಿತ್ತ ದೊರೆಯನ್ನು ಕವಿ ಹೊಗಳುವುದು ಸಹಜವಲ್ಲವೆ? ಆ ಮಾತನ್ನೊಂದನ್ನೇ ನಂಬುವುದು ಹೇಗೆ?

ಇಲ್ಲಿ ಇನ್ನೊಬ್ಬ ಸಾಕ್ಷಿಯು ನೆರವಿಗೆ ಬರುತ್ತಾನೆ. ಅವನೇ ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಆತನು ಪುಲಕೇಶಿಯ ಆಸ್ಥಾನಿಕನಲ್ಲ. ಹರ್ಷನ ಆದರಕ್ಕೆ ಪಾತ್ರನಾಗಿದ್ದವನು. ಹೀಗಿದ್ದರೂ, ಹರ್ಷನು ತಾನೇ ಸೈನ್ಯದ ಮುಂದೆ ನಿಂತು ದಂಡೆತ್ತಿ ಹೋದರೂ ಪುಲಕೇಶಿಯ ನಾಡನ್ನು ಗೆಲ್ಲಲಾಗಲಿಲ್ಲವೆಂದು ಬರೆದಿದ್ದಾನೆ. ಗೆದ್ದವನ ಕಡೆಯ ಕವಿಯೂ ಸೋತವನ ಕಡೆಯ ಸ್ನೇಹಿತನೂ ಒಂದೇ ಸಂಗತಿಯನ್ನು ಹೇಳುವಾಗ ಅದಕ್ಕೆ ಬಲ ಬರುತ್ತದೆ. ಆದರೂ ಇವರಿಬ್ಬರ ಮಾತಿನಲ್ಲಿ ಅಂತರವುಂಟು. ಒಬ್ಬನು ಭಾರಿ ಜಯವನ್ನು ವರ್ಣಿಸುತ್ತಾನೆ; ಇನ್ನೊಬ್ಬನು ಹರ್ಷನಿಂದ ಗೆಲ್ಲಲಾಗಲಿಲ್ಲವೆಂದಷ್ಟೇ ಹೇಳುತ್ತಾನೆ. ಯುದ್ಧ ನಡೆದ ವರ್ಷವನ್ನು ಇಬ್ಬರೂ ತಿಳಿಸಿಲ್ಲ. ಎಷ್ಟು ಗಟ್ಟಿಯಾಗಿ ಗೊತ್ತು, ಎಲ್ಲಿಂದ ಮುಂದೆ ಊಹೆ ಎಂಬುದನ್ನು ಹೀಗೆ ಬೇರ್ಪಡಿಸಿ ನೋಡುವುದೇ ಇತಿಹಾಸದ ಓದು.

ಈ ಓದಿಗೆ ಬೇಕಾದ ಮೊದಲನೆಯ ಅಭ್ಯಾಸ ಕಾಲವನ್ನು ಅಳೆಯುವುದು. ವರ್ಷಗಳನ್ನು ಬಿಡಿಬಿಡಿಯಾಗಿ ನೆನಪಿಟ್ಟುಕೊಂಡರೆ ಅವು ಬೇಗನೆ ಮರೆತುಹೋಗುತ್ತವೆ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದರೆ ಉಳಿಯುತ್ತವೆ. ಹಳೆಯ ಕಾಗದಗಳನ್ನು ಅಂಟಿಸಿ ಉದ್ದವಾದ ಪಟ್ಟಿಯೊಂದನ್ನು ಮಾಡಿ, ನೂರು ವರ್ಷಕ್ಕೆ ಒಂದು ಗೇಣಿನಂತೆ ಗುರುತು ಹಾಕಬೇಕು. ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಹಲ್ಮಿಡಿ ಶಾಸನದಿಂದ ಇಂದಿನವರೆಗೆ ಈ ಪಟ್ಟಿ ಹದಿನಾರು ಗೇಣಿನಷ್ಟಾಗುತ್ತದೆ. ಹಲ್ಮಿಡಿಯಿಂದ ಹಿಂದಕ್ಕೆ ಅಶೋಕನ ಕಾಲವನ್ನು ಮುಟ್ಟಲು ಇನ್ನೂ ಏಳು ಗೇಣು ಬೇಕು. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ' ಹಲ್ಮಿಡಿಯಿಂದ ನಾಲ್ಕು ಗೇಣು ಈಚೆಗೆ, ಸುಮಾರು 850ರಲ್ಲಿ ನಿಲ್ಲುತ್ತದೆ. 1336ರಿಂದ ತಾಳಿಕೋಟೆಯ ಯುದ್ಧ ನಡೆದ 1565ರವರೆಗೆ ವಿಜಯನಗರವು ಮೆರೆದ ಕಾಲ ಎರಡು ಗೇಣಿಗಿಂತ ಸ್ವಲ್ಪ ಹೆಚ್ಚು. ಕನ್ನಡ ನಾಡು 1956ರಲ್ಲಿ ಒಂದಾದುದೂ 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದುದೂ ಪಟ್ಟಿಯ ಕೊನೆಯ ಒಂದು ಗೇಣಿನೊಳಗೇ ಅಡಗಿಹೋಗುತ್ತವೆ. ಪುಸ್ತಕದಲ್ಲಿ ಒಂದೊಂದು ಪುಟದಂತೆ ಸಮವಾಗಿ ತೋರುವ ಯುಗಗಳು ಎಷ್ಟು ಅಸಮವಾಗಿವೆಯೆಂಬುದು ಆಗ ಕಣ್ಣಿಗೆ ಕಟ್ಟುತ್ತದೆ.

ಪಟ್ಟಿಯ ಕೆಳಗಿನ ಅಂಚಿನಲ್ಲಿ ಹೊರನಾಡುಗಳ ಘಟನೆಗಳನ್ನು ಬರೆದರೆ ಇನ್ನೊಂದು ಪ್ರಯೋಜನವುಂಟು. ಪುಲಕೇಶಿಯು ಆಳುತ್ತಿದ್ದಾಗಲೇ, 622ರಲ್ಲಿ, ಪ್ರವಾದಿ ಮಹಮ್ಮದರು ಮೆಕ್ಕಾದಿಂದ ಮದೀನಕ್ಕೆ ತೆರಳಿದರು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ, 1789ರಲ್ಲಿ, ಫ್ರಾನ್ಸಿನಲ್ಲಿ ಮಹಾಕ್ರಾಂತಿ ಆರಂಭವಾಯಿತು. ಬೇರೆ ಬೇರೆ ಪಾಠಗಳಲ್ಲಿ ಓದಿದ ಸಂಗತಿಗಳು ಒಂದೇ ಕಾಲದವೆಂದು ತಿಳಿದಾಗ ಅವುಗಳ ನಡುವೆ ಸಂಬಂಧವಿತ್ತೆ ಎಂಬ ಕುತೂಹಲ ತಾನಾಗಿ ಹುಟ್ಟುತ್ತದೆ.

ಶಾಸನಗಳ ಕಾಲಗಣನೆಯನ್ನೂ ಈ ದಿನಗಳಲ್ಲಿ ಕಲಿಯಬಹುದು. ಕನ್ನಡ ನಾಡಿನ ಅನೇಕ ಶಾಸನಗಳಲ್ಲಿ ಶಕವರ್ಷ ಕಾಣಬರುತ್ತದೆ. ಅದಕ್ಕೆ 78ನ್ನು ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಐಹೊಳೆ ಶಾಸನದ ಶಕವರ್ಷ 556, ಕೂಡಿಸಿದರೆ 634. ಶಕವರ್ಷವು ಚೈತ್ರದಲ್ಲಿ ಆರಂಭವಾಗುವುದರಿಂದ ಅದರ ಕೊನೆಯ ತಿಂಗಳುಗಳು ಕ್ರಿಸ್ತಶಕದ ಮರುವರ್ಷಕ್ಕೆ ಸೇರುತ್ತವೆ. ಆದುದರಿಂದ ಶಾಸನದಲ್ಲಿ ಮಾಸವನ್ನೂ ಗಮನಿಸಬೇಕು.

ಎರಡನೆಯ ಅಭ್ಯಾಸ ಸ್ಥಳವನ್ನು ಗುರುತಿಸುವುದು. ಭೂಪಟವಿಲ್ಲದ ಇತಿಹಾಸ ಗಾಳಿಯಲ್ಲಿ ತೇಲುವ ಕಥೆಯಂತೆ. ಅಚ್ಚಾದ ಭೂಪಟವನ್ನು ನೋಡುವುದಕ್ಕಿಂತ ಕೈಯಾರೆ ಬರೆಯುವುದು ಮೇಲು. ಮೊದಲು ನದಿಗಳು, ಅನಂತರ ಘಟ್ಟಗಳು, ಆಮೇಲೆ ಬಂದರುಗಳು, ಕಟ್ಟಕಡೆಗೆ ರಾಜಧಾನಿಗಳು ಎಂಬ ಕ್ರಮದಲ್ಲಿ ಗುರುತಿಸಬೇಕು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳನ್ನು ಬರೆದೊಡನೆ ಅವೆರಡರ ನಡುವೆ ರಾಯಚೂರು ಸೀಮೆ ತಾನಾಗಿ ಮೂಡುತ್ತದೆ. ರಾಯಚೂರು, ಮುದಗಲ್ಲು ಕೋಟೆಗಳು ಅಲ್ಲಿಯೇ ಇವೆ. ಉತ್ತರದಲ್ಲಿ ಬಹಮನಿ ಸುಲ್ತಾನರು, ಅವರ ತರುವಾಯ ಬಿಜಾಪುರದ ಆದಿಲ್‌ಶಾಹಿಗಳು. ದಕ್ಷಿಣದಲ್ಲಿ ವಿಜಯನಗರದ ಅರಸರು. ಈ ಎರಡು ಬಲಗಳ ನಡುವೆ ಸಿಕ್ಕ ಫಲವತ್ತಾದ ನೆಲಕ್ಕಾಗಿ ತಲೆತಲಾಂತರವಾಗಿ ಕಾಳಗಗಳು ನಡೆದುವು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದೂ ಅವುಗಳಲ್ಲಿ ಒಂದು. ಪಶ್ಚಿಮದ ಕರಾವಳಿಯಲ್ಲಿ ಭಟ್ಕಳವನ್ನು ಗುರುತಿಸಿದರೆ, ಅರಬ್ಬೀ ಕುದುರೆಗಳು ಸಮುದ್ರವನ್ನು ದಾಟಿ ಬಂದು ಘಟ್ಟವನ್ನೇರಿ ವಿಜಯನಗರವನ್ನು ಸೇರುತ್ತಿದ್ದ ದಾರಿ ಕಾಣಿಸುತ್ತದೆ. ಅರಸರ ಹಗೆತನವೊಂದರಿಂದಲೇ ಯುದ್ಧಗಳಾಗುತ್ತಿರಲಿಲ್ಲ, ನೆಲ, ನೀರು, ವ್ಯಾಪಾರಗಳೂ ಅವುಗಳಿಗೆ ಕಾರಣವಾಗಿದ್ದುವೆಂಬುದನ್ನು ಭೂಪಟವು ಸದ್ದಿಲ್ಲದೆ ಬೋಧಿಸುತ್ತದೆ.

ಮೂರನೆಯದು ಸಾಕ್ಷ್ಯವನ್ನು ಗುರುತಿಸಿ ತೂಗುವ ಅಭ್ಯಾಸ. ಮೂರರಲ್ಲಿಯೂ ಇದು ಮುಖ್ಯವಾದುದು. ಒಂದು ಪ್ರಶ್ನೆಗೆ ಉತ್ತರ ಸಿಗಲು ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಮಸ್ಕಿಯ ಶಾಸನವೇ ನಿದರ್ಶನ. ಭಾರತದ ನಾನಾ ಕಡೆ ಬಂಡೆಗಳ ಮೇಲೆಯೂ ಕಂಬಗಳ ಮೇಲೆಯೂ ಕೆತ್ತಿದ್ದ ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದುವುದರಲ್ಲಿ ಸಫಲನಾದನು. ಆ ಬರಹಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿದ್ದುವೇ ಹೊರತು ದೊರೆಯ ಹೆಸರಿರಲಿಲ್ಲ. ಆತನು ಸಿಂಹಳದ ಒಬ್ಬ ಅರಸನಿರಬಹುದೆಂದು ಪ್ರಿನ್ಸೆಪ್ ಮೊದಲು ಊಹಿಸಿದನು. ಸಿಂಹಳದ ಪಾಳಿ ಗ್ರಂಥಗಳನ್ನು ಬಲ್ಲ ಜಾರ್ಜ್ ಟರ್ನರನು ಆ ಬಿರುದು ಮೌರ್ಯ ದೊರೆ ಅಶೋಕನದೆಂದು ತೋರಿಸಿದನು. ಊಹೆ ಸರಿಯಾಗಿಯೇ ಇದ್ದಿತು. ಆದರೆ ಅದಕ್ಕೆ ಶಾಸನದ ನೇರವಾದ ಬೆಂಬಲವಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಎಂಬಾತನು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆಯ ಬರಹವನ್ನು ಕಂಡನು. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇದ್ದಿತು! ಎಪ್ಪತ್ತೆಂಟು ವರ್ಷಗಳ ತರುವಾಯ ಊಹೆಯು ನಿಶ್ಚಯವಾಯಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಆ ಹೆಸರುಳ್ಳ ಶಾಸನಗಳು ದೊರೆತುವು.

ಹೊಸ ಸಾಕ್ಷ್ಯವು ಹಳೆಯ ತೀರ್ಮಾನವನ್ನು ಅಲುಗಿಸುವುದೂ ಉಂಟು. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಶಾಸನವೇ ಕನ್ನಡದ ಅತಿ ಪ್ರಾಚೀನ ಶಾಸನವೆಂಬುದು ಬಹುಕಾಲ ಒಪ್ಪಿತವಾದ ಮಾತಾಗಿತ್ತು. ಈಚೆಗೆ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ದೊರೆತ ಶಾಸನವು ಅದಕ್ಕಿಂತಲೂ ಹಿಂದಿನದೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಇಂಥ ಬದಲಾವಣೆ ಇತಿಹಾಸದ ದೌರ್ಬಲ್ಯವಲ್ಲ, ಅದರ ಪ್ರಾಮಾಣಿಕತೆ.

ಜನಜನಿತವಾದ ಕಥೆಗಳನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಬೇಕು. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಹಸಿದಾಗ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತಳೆಂದೂ ಆ ಸ್ಥಳವೇ 'ಬೆಂದಕಾಳೂರು' ಎಂದಾಗಿ ಬೆಂಗಳೂರಾಯಿತೆಂದೂ ಕಥೆಯೊಂದಿದೆ. ಕಥೆ ಸೊಗಸಾಗಿದೆ. ಆದರೆ ಬೆಂಗಳೂರಿಗೆ ಸೇರಿದ ಬೇಗೂರಿನ ನಾಗೇಶ್ವರ ದೇವಾಲಯದ ಬಳಿ ದೊರೆತ ಗಂಗರ ಕಾಲದ ಶಾಸನವೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೆಸರಿಸುತ್ತದೆ. ಅದು ಒಂಬತ್ತನೆಯ ಶತಮಾನದ ಕೊನೆಯ ಭಾಗದ್ದು. ವೀರಬಲ್ಲಾಳನು ಆಳಿದುದು ಹನ್ನೆರಡನೆಯ ಶತಮಾನದ ಕೊನೆ ಮತ್ತು ಹದಿಮೂರನೆಯ ಶತಮಾನದ ಆರಂಭದಲ್ಲಿ. ದೊರೆ ಹುಟ್ಟುವುದಕ್ಕೆ ಬಹುಮುಂಚೆಯೇ ಊರಿಗೆ ಹೆಸರಿದ್ದಿತೆಂದ ಮೇಲೆ ಆ ಹೆಸರಿಗೆ ಅವನ ಹಸಿವು ಕಾರಣವಾಗಲಾರದು. ಆದರೂ ಕಥೆಯನ್ನು ಎಸೆದುಬಿಡಬೇಕಾಗಿಲ್ಲ. ಊರಿನ ಹುಟ್ಟನ್ನು ಜನರು ಹೇಗೆ ನೆನೆಯಲು ಬಯಸಿದರೆಂಬುದಕ್ಕೆ ಅದು ಸಾಕ್ಷಿ, ಹುಟ್ಟಿಗೆ ಸಾಕ್ಷಿಯಲ್ಲ.

ಸಾಕ್ಷ್ಯವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನಲ್ಲಿ ವೀರಗಲ್ಲೋ ಮಾಸ್ತಿಕಲ್ಲೋ ದಾನಶಾಸನವೋ ಇರುವ ಹಳ್ಳಿಗಳು ಹಲವಾರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ನೋಡಿದರೆ ಒಂದೇ ಕಲ್ಲು ಎಷ್ಟು ಹೇಳಬಲ್ಲದೆಂಬುದು ತಿಳಿಯುತ್ತದೆ. ಅದರ ಮೇಲೆ ನಾಯಿಯೂ ಕಾಡುಹಂದಿಯೂ ಹೋರಾಡುವ ಚಿತ್ರವಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಪರವಾಗಿ ಚೋಳರೊಡನೆ ಕಾದಿದ ಗಂಗದೊರೆ ಇಮ್ಮಡಿ ಬೂತುಗನು ತನ್ನ ವೀರ ಮಣಲೆರನಿಗೆ ಬೇಡಿದುದನ್ನು ಕೊಡುವೆನೆಂದಾಗ, ಅವನು ಬೇಡಿದುದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು. ಶಕವರ್ಷ 872ರ ಈ ಕಲ್ಲು ರಾಜ್ಯಗಳ ಹೋರಾಟವನ್ನು ತಿಳಿಸುವಂತೆಯೇ ಒಬ್ಬ ಯೋಧನ ಮಮತೆಯನ್ನೂ ತಿಳಿಸುತ್ತದೆ.

ತಮ್ಮ ಊರಿನ ಕಲ್ಲು ಏನು ಹೇಳುತ್ತದೆಂದು ತಿಳಿಯಬಯಸುವ ವಿದ್ಯಾರ್ಥಿಗಳಿಗೆ ದೊಡ್ಡ ಗ್ರಂಥಾಲಯಗಳಲ್ಲಿರುವ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳು ನೆರವಾಗುತ್ತವೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ರಾಜ್ಯ ಮತ್ತು ಕೊಡಗಿನ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿರುವುದರಿಂದ ಊರಿನ ಹೆಸರನ್ನು ಹಿಡಿದು ಹುಡುಕುವುದು ಕಷ್ಟವಲ್ಲ. ರೈಸ್ ಅವರ ಕಾಲದಲ್ಲಿ ನಿಂತಿದ್ದ ಎಷ್ಟೋ ಕಲ್ಲುಗಳು ಮುಂದೆ ಒಡೆದು ಮೋರಿಗೆ ಹಾಸುಗಲ್ಲಾದುವು, ಬಟ್ಟೆ ಒಗೆಯುವ ಕಲ್ಲಾದುವು, ಇಲ್ಲವೆ ಗುಡಿಯ ಜೀರ್ಣೋದ್ಧಾರದಲ್ಲಿ ಸುಣ್ಣಬಣ್ಣದ ಅಡಿಯಲ್ಲಿ ಮುಚ್ಚಿಹೋದುವು. ಕಾಗದ ಕಳೆದರೆ ಪ್ರತಿ ಮಾಡಬಹುದು. ಓದದೆ ಬಿಟ್ಟ ಕಲ್ಲು ನಾಶವಾದರೆ ಅದು ಹೇಳಬಹುದಾಗಿದ್ದ ಮಾತು ಎಂದೆಂದಿಗೂ ಕಳೆದಂತೆ. ಆದುದರಿಂದ ಕಲ್ಲು ಇರುವ ಸ್ಥಳ, ಅದರ ಎತ್ತರ, ಅಗಲ, ಅದರ ಮೇಲಿನ ಚಿತ್ರಗಳನ್ನು ಬರೆದಿಟ್ಟುಕೊಳ್ಳುವುದು ಚಿಕ್ಕ ಕೆಲಸವಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಛಾಯಾಚಿತ್ರಕ್ಕೆ ಅದೇ ಹೊತ್ತು. ಕಲ್ಲನ್ನು ಉಜ್ಜುವುದು, ಎಣ್ಣೆ ಬಳಿಯುವುದು, ಅಕ್ಷರಗಳಿಗೆ ಬಣ್ಣ ತುಂಬುವುದು, ಕಿತ್ತು ಬೇರೆಡೆ ಇಡುವುದು ಇವನ್ನು ಎಂದಿಗೂ ಮಾಡಬಾರದು.

ಊರಿನ ಹಿರಿಯರ ನೆನಪುಗಳೂ ಸಾಕ್ಷ್ಯವೇ. ಅವರು ಕಾಲವನ್ನು ಇಸವಿಯಿಂದ ಹೇಳದಿರಬಹುದು. 'ಅಣೆಕಟ್ಟು ಕಟ್ಟಿದ ವರ್ಷ', 'ದೊಡ್ಡ ಬರ ಬಂದಾಗ' ಎಂದು ಹೇಳಬಹುದು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಪೂರ್ಣವಾದಾಗ ಹೊಲಮನೆಗಳನ್ನು ಬಿಟ್ಟುಹೋದವರ ಅನುಭವ ಎಲ್ಲ ಪಾಠಪುಸ್ತಕಗಳಲ್ಲಿಯೂ ಇರಲಾರದು. ಅಂಥ ಮಾತುಗಳನ್ನು ಹೇಳಿದವರ ಮಾತಿನಲ್ಲೇ ಬರೆದುಕೊಂಡು, ಇನ್ನಿಬ್ಬರನ್ನು ಕೇಳಿ ಹೋಲಿಸಿ ನೋಡಬೇಕು.

ನಾಲ್ಕನೆಯ ಅಭ್ಯಾಸ ಓದಿ ಬರೆಯುವುದು. ರಜೆಯಲ್ಲಿ ಹತ್ತು ಪುಸ್ತಕಗಳನ್ನು ಓಡುತ್ತ ಓದುವುದಕ್ಕಿಂತ ಒಂದನ್ನು ನಿಧಾನವಾಗಿ ಓದುವುದು ಲೇಸು. ಓದುವಾಗ ಬರೆದವನು ಕಂಡುದನ್ನು ಹೇಳುತ್ತಿದ್ದಾನೆಯೇ, ಕೇಳಿದುದನ್ನು ಹೇಳುತ್ತಿದ್ದಾನೆಯೇ ಎಂಬುದನ್ನು ಗಮನಿಸಬೇಕು. ವಿಜಯನಗರವನ್ನು ಕುರಿತು ಬರೆದ ಪೋರ್ಚುಗೀಸರಲ್ಲಿ ಡೊಮಿಂಗೋ ಪಾಯಸನು ಸುಮಾರು 1520ರಲ್ಲಿ ನಗರವನ್ನು ಕಣ್ಣಾರೆ ಕಂಡು ಅಲ್ಲಿಯ ಬೀದಿ, ಅಂಗಡಿ, ಹಬ್ಬಗಳನ್ನು ವರ್ಣಿಸಿದನು. ಸುಮಾರು 1535ರಲ್ಲಿ ಬರೆದ ನೂನಿಜ್‌ನು ಇನ್ನೂರು ವರ್ಷ ಹಿಂದಿನ ರಾಜ್ಯಸ್ಥಾಪನೆಯ ಕಥೆಯನ್ನೂ ಹೇಳಿದನು. ತನ್ನ ಕಾಲದ ಸಂಗತಿಗಳಿಗೆ ಅವನು ಸಾಕ್ಷಿ. ಇನ್ನೂರು ವರ್ಷ ಹಿಂದಿನದಕ್ಕೆ ಅವನೂ ಒಬ್ಬ ಕೇಳುಗ. ಒಬ್ಬನೇ ಲೇಖಕನ ಮಾತುಗಳಿಗೂ ಬೇರೆ ಬೇರೆ ಬೆಲೆಯುಂಟು.

ವಾರಕ್ಕೊಂದು ಪುಟದಂತೆ ಬರೆಯುವುದನ್ನೂ ರೂಢಿಸಿಕೊಳ್ಳಬೇಕು. 'ತಾಳಿಕೋಟೆಯ ಯುದ್ಧದಿಂದ ವಿಜಯನಗರ ಸಾಮ್ರಾಜ್ಯ ಅಳಿಯಿತೆ?' ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. 1565ರ ಜನವರಿಯಲ್ಲಿ ರಾಮರಾಯನು ಮಡಿದನು, ರಾಜಧಾನಿ ಹಾಳಾಯಿತು. ಇದು ಒಂದು ಕಡೆಯ ಮಾತು. ಅವನ ತಮ್ಮ ತಿರುಮಲನು ಪೆನುಗೊಂಡೆಗೆ ಹೋದನು, ಅರವೀಡು ವಂಶದವರು ಮುಂದೆಯೂ ಹಲವು ದಶಕಗಳ ಕಾಲ ಆಳಿದರು. ಇದು ಇನ್ನೊಂದು ಕಡೆಯ ಮಾತು. ಎರಡನ್ನೂ ಮುಂದಿಟ್ಟು ತನ್ನ ತೀರ್ಮಾನವನ್ನೂ ಅದಕ್ಕೆ ಕಾರಣವನ್ನೂ ಆಧಾರವನ್ನೂ, ಎದುರಾಡುವವರು ಏನೆನ್ನಬಹುದೆಂಬುದನ್ನೂ ಒಂದು ಪುಟದಲ್ಲಿ ಬರೆಯಬಲ್ಲ ವಿದ್ಯಾರ್ಥಿಯು ಮೇಲಿನ ತರಗತಿಗೆ ಅರ್ಧ ಸಿದ್ಧನಾದಂತೆಯೇ ಸರಿ.

ಇಷ್ಟು ಶ್ರಮವನ್ನು ಅಂಕಗಳಿಗಾಗಿ ಮಾತ್ರ ಪಡಬೇಕೆ ಎಂದು ಕೇಳಬಹುದು. ಇಲ್ಲ. ನಮ್ಮ ಊರೇ ಎಲ್ಲಕ್ಕಿಂತ ಹಳೆಯದು, ನಮ್ಮವರೇ ಶೂರರು, ಇಂಥವರೇ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದವರು ಎಂಬ ಮಾತುಗಳು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕೇಳಿಬರುತ್ತವೆ. ಇಂದು ಕೈಯಲ್ಲಿರುವ ಮೊಬೈಲಿನಲ್ಲಿಯೂ ಕ್ಷಣಮಾತ್ರದಲ್ಲಿ ಹರಡುತ್ತವೆ. ಅವುಗಳಲ್ಲಿ ನಿಜವೂ ಇರಬಹುದು, ಸುಳ್ಳೂ ಇರಬಹುದು. ಕೇಳಿದುದನ್ನೆಲ್ಲ ನಂಬುವವರು ಇಲ್ಲದ ಹಿರಿಮೆಗೆ ಉಬ್ಬುತ್ತಾರೆ. ಆಗದ ಅನ್ಯಾಯಕ್ಕಾಗಿ ನೆರೆಯವರನ್ನು ದ್ವೇಷಿಸುತ್ತಾರೆ. 'ಇದಕ್ಕೆ ಆಧಾರವೇನು?' ಎಂದು ಶಾಂತವಾಗಿ ಕೇಳುವುದನ್ನು ಕಲಿತವರು ಈ ಎರಡು ತಪ್ಪುಗಳಿಂದಲೂ ಪಾರಾಗುತ್ತಾರೆ. ಆ ಪ್ರಶ್ನೆಯನ್ನು ಒಲ್ಲದ ಮಾತಿಗೆ ಕೇಳುವುದು ಸುಲಭ. ತಮಗೆ ಮೆಚ್ಚಿಕೆಯಾದ ಮಾತಿಗೂ ಅದನ್ನು ಕೇಳುವವರೇ ಇತಿಹಾಸದ ನಿಜವಾದ ವಿದ್ಯಾರ್ಥಿಗಳು.